ಪರದೆಯ ಹಿಂದಿನ ಕಾಕಾ

ಕೇರಂ ಪೌಡರಿನ ವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ಪುಣೆಯ ಸದಾಶಿವ ಪೇಠದ ನಮ್ಮ ಮನೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪನ ತಮ್ಮ ಕಾಕಾ ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದ. ಹಾಡುವಾಗ ಕಣ್ಣು ಮುಚ್ಚಿ, ಕಿವಿಗೆ ಕೈಯಿಟ್ಟು, ಲೈಟಿನ ಕಂಬದಂತೆ ನಿಲ್ಲುತ್ತಿದ್ದ. ನಾನು ಅದರ ನಕಲು ಮಾಡಿದರೆ ನಮ್ಮ ಮನೆಯಿದ್ದ ವಾಡೆಯ ಮಂದಿಯೆಲ್ಲ ನಗುತ್ತಿದ್ದರು. ಆದರೆ ಟಿವಿಯಲ್ಲಿ ದಿನವಿಡೀ ಹಾಡು ತೋರಿಸುವ ಚಾನೆಲ್ ಬಂದಮೇಲೆ, ಗಣಪತಿ ಹಬ್ಬದೊಳಗೆ ಕುಣಿಯಲು ಕಲಿ, ಇಲ್ಲವೇ ಬಿಡು ಎಂದು ಆರ್ಕೆಸ್ಟ್ರಾದ ಮಾಲೀಕ ಹೇಳಿಬಿಟ್ಟಿದ್ದ.

"ಲೇ ಮಂಗ್ಯಾ, ಟಿವ್ಯಾಗಿನವ್ರ ಹಂಗ ಕುಣಿಯೂದು ಕಲಸೋ" ಎಂದ ಕಾಕಾ.

ಕಾಲು ಸಲೀಸಾಗಿ ಜಾರಲೆಂದು ನೆಲಕ್ಕೆ ಕೇರಂ ಪೌಡರ್ ಚೆಲ್ಲಿದೆ. ಕಾಕಾ ಜಾರಿದ್ದೇನೋ ನಿಜ, ಆದರೆ ಕೂತೇ ಜಾರಿದ.

"ಹಾಡೂದು ಗಂಟ್ಲಾ, ಪೆಟ್ಟು ಸೊಂಟಕ್ಕ!" ಎಂದಳು ಅಕ್ಕಿ ಆರಿಸುತ್ತಿದ್ದ ಅಜ್ಜಿ.

ಕಾಕಾ ಎದ್ದು ಪೌಡರ್ ಕೊಡವಿಕೊಂಡ. "ನೀ ಮುಂದ ನಿಂತು ಕುಣಿ, ಬಾಯಿ ಆಡಸು. ನಾ ಹಿಂದಿಂದ ಹಾಡ್ತೀನಿ. ಹೆಂಗ ಕಾಣ್ತದ ನೋಡೂಣು" ಎಂದು ಅಡುಗೆಮನೆಯ ಪರದೆಯ ಹಿಂದೆ ಹೋದ.

ನನ್ನ ಸ್ವಂತ ದನಿಯೋ, ಕಲ್ಲಿನ ಮೇಲೆ ಎಳೆದ ತಗಡಿನ ಡಬ್ಬಿ. ಅವತ್ತು ಮಾತ್ರ ಬಾಯಿ ತೆರೆದರೆ ಜೇನು.

ಬಾಗಿಲಿಗೆ ಬಂದು ನಿಂತಿದ್ದ ಪಕ್ಕದ ಮನೆಯ ಮರಾಠಿ ಹೆಂಗಸು, ನಮ್ಮೆಲ್ಲರ ಕಾಕೂ, ಚಪ್ಪಾಳೆ ತಟ್ಟಿದರು. "ಕಿತೀ ಛಾನ್ ಗಾತೋಸ್ ರೇ ಬಾಳಾ!" ಎಂದು ನನ್ನ ಹಾಡನ್ನು ಹೊಗಳಿದರು. ನಾನು ನಾಚಿಕೆಯಿಲ್ಲದೆ ಬಗ್ಗಿ ನಮಸ್ಕರಿಸಿದೆ.

ಅಜ್ಜಿಯ ಕೈ ಮೊರದಲ್ಲೇ ನಿಂತಿತು. ಪರದೆಯ ಹಿಂದಿನಿಂದ ಕಾಕಾನೂ ಚಪ್ಪಾಳೆ ತಟ್ಟಿದ.