ನಾಲ್ಕನೆಯ ಹೆಸರು

ಗಣಿತ ಪತ್ರಿಕೆಯ ಸಂಚಿಕೆ ಹೊರಬಂದ ದಿನ, ಉಲ್ಲೇಖ ಪಟ್ಟಿಯಲ್ಲಿ ಹೆಸರು ಅಚ್ಚಾದ ಸತ್ತವರು ಕಚೇರಿಗೆ ಫೋನ್ ಮಾಡುತ್ತಾರೆ. ಒಬ್ಬೊಬ್ಬರಿಗೆ ಒಂದೇ ನಿಮಿಷ. ಪಟ್ಟಿ ಸಿದ್ಧಪಡಿಸುವ ವಾರಿಜಾ ಬೆಳಗಿನಿಂದ ಅವರ ತಕರಾರುಗಳನ್ನು ಬರೆದುಕೊಳ್ಳುತ್ತಿದ್ದಳು: ಇನಿಶಿಯಲ್ ತಪ್ಪು, ಇಸವಿ ತಪ್ಪು.

ಅವಳು ಕಾದಿದ್ದು ತನಗೆ ಗಣಿತ ಕಲಿಸಿದ ಪಂಢರಿನಾಥ ಮಾಸ್ತರ ಕರೆಗೆ. ಅವರು ಬರೆದದ್ದು ಒಂದೇ ಪ್ರಬಂಧ, ಅದೂ ಮೂವರ ಜೊತೆ ಸೇರಿ. ಅದನ್ನು ಯಾರಾದರೂ ಉಲ್ಲೇಖಿಸಿ ಒಂಬತ್ತು ವರ್ಷವಾಗಿತ್ತು; ಈ ಸಂಚಿಕೆಯಲ್ಲಿ ಒಬ್ಬರು ಉಲ್ಲೇಖಿಸಿದ್ದರು. ಬೈಯದೆ ಮಾತಾಡಿ ಅವರಿಗೆ ಗೊತ್ತಿರಲಿಲ್ಲ; ಅದಕ್ಕೇ ಅವಳು ಆ ಪ್ರಬಂಧದ ಪುಟಸಂಖ್ಯೆಯನ್ನು ಬೇಕೆಂದೇ ತಪ್ಪಾಗಿ ಹಾಕಿದ್ದಳು.

ಸಂಜೆ ಫೋನ್ ಮಾಡಿದವರು ಆ ಪ್ರಬಂಧದ ಮೊದಲ ಲೇಖಕ ಹಂಪಣ್ಣ.

"ತಂಗಿ, ಪಂಢರಿ ಇಲ್ಲೇ ನನ್ನ ಬಾಜೂಕ ಅದಾನ. ಅವಗ ಲೈನ್ ಸಿಗವಲ್ದು."

ವಾರಿಜಾ ಸಂಚಿಕೆ ತೆರೆದಳು. 'ಹಂಪಣ್ಣ ಮತ್ತಿತರರು.' ಲೇಖಕರು ಮೂವರಿಗಿಂತ ಹೆಚ್ಚಿದ್ದರೆ ಮೊದಲ ಹೆಸರಷ್ಟೇ ಸಾಕು ಎಂಬ ಹೊಸ ನಿಯಮವನ್ನು ತಂದವಳು ಅವಳೇ. ಇಡೀ ಪಟ್ಟಿಗೆ ಒಂದೇ ಸಲ ಅನ್ವಯಿಸಿದ್ದಳು.

"ತಪ್ಪಾತ್ರಿ ಸರ್. ಮಾಸ್ತರ ಏನಂತಾರ?"

"ಪುಟಸಂಖ್ಯೆ ನೋಡಿ ಬೈಯಾಕತ್ತಾನ."

"ಏನಂತ ಬೈತಾರ? ಹೇಳ್ರಿ."

"ಅವನ ಬೈಗುಳ ನಾ ಹೇಳಿದ್ರ ಚಂದಾಗಂಗಿಲ್ಲ, ತಂಗಿ."

ನಿಮಿಷ ಮುಗಿಯಿತು.