ವೃಷಭೇಂದ್ರಪ್ಪನ ಮ್ಯಾಕ್

ಕುಸುಮ ಪಾಸ್‌ವರ್ಡ್ ಕೇಳಿದರೆ ವೃಷಭೇಂದ್ರಪ್ಪ ಬಾಯಿಬಿಡಲಿಲ್ಲ. ಅವಳನ್ನು ಕುರ್ಚಿಯಿಂದ ಎಬ್ಬಿಸಿ, ಆ ಕಡೆ ನೋಡು ಎಂದು ಹೇಳಿ, ತಾನೇ ಒಂದೊಂದೇ ಬೆರಳಲ್ಲಿ ಕುಟ್ಟಿದ. ಅವನಿಗೆ ಗೊತ್ತಿದ್ದ ಮಟ್ಟಿಗೆ ಕೊಳ್ಳೇಗಾಲಕ್ಕೆಲ್ಲ ಅದೊಂದೇ ಮ್ಯಾಕ್ ಕಂಪ್ಯೂಟರ್, ಅದೂ ಮದುವೆ ವಿಡಿಯೋ ಎಡಿಟಿಂಗಿಗೆಂದು ತಂದದ್ದು. ಸುತ್ತಲ ಊರುಗಳ ಹೆಣ್ಣುಮಕ್ಕಳ ಮದುವೆಗಳೆಲ್ಲ ಅದರೊಳಗಿದ್ದವು. ಒಂದು ಫೋಟೋ ಆಚೆ ಹೋದರೂ ಸ್ಟುಡಿಯೋ ಬಾಗಿಲು ಹಾಕಿ, ಮುಸುಕು ಹಾಕಿಕೊಂಡು ಓಡಾಡಬೇಕಾಗುತ್ತದೆ ಎಂಬ ಭಯ ಅವನಿಗೆ.

ಆದರೂ ಒಪ್ಪಿದ್ದ. ಶಾಗ್ಯ ಎಂಬ ಊರಿನ ಈ ಹುಡುಗಿ ಮೂರು ಸಲ ಬಂದು ಕೇಳಿಕೊಂಡಿದ್ದಳು. ಹಾವು ಕಚ್ಚಿದರೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಔಷಧಿ ಇದೆ ಎಂದು ಹೇಳುವ ಕಿಟ್ ಮಾಡುತ್ತಿದ್ದಾಳಂತೆ. ಅದು ಆ್ಯಪ್ ಅಲ್ಲ, ಆ್ಯಪ್ ಮಾಡುವವರು ತಮ್ಮದರೊಳಗೆ ಸೇರಿಸಿಕೊಳ್ಳುವ ಸಲಕರಣೆ. ಡೇರಿಯವರೂ ಸೇರಿಸಿಕೊಳ್ಳಬಹುದು, ಬ್ಯಾಂಕಿನವರೂ ಸೇರಿಸಿಕೊಳ್ಳಬಹುದು. ಆಂಡ್ರಾಯ್ಡ್ ಭಾಗವನ್ನು ಮನೆಯ ಲ್ಯಾಪ್‌ಟಾಪಿನಲ್ಲೇ ಮುಗಿಸಿದ್ದಳು. ಐಫೋನಿನ ಭಾಗ ಮಾತ್ರ ಮ್ಯಾಕ್‌ನಲ್ಲೇ ಆಗಬೇಕು. ಇನ್ನೊಬ್ಬರ ಫೋನಿನೊಳಗೆ ಸದ್ದಿಲ್ಲದೆ ಹೋಗಿ ಕೂರುವ ವಸ್ತು ಅಂದಮೇಲೆ ವೃಷಭೇಂದ್ರಪ್ಪನಿಗೆ ಅದು ಸರಿಬರಲಿಲ್ಲ. ಅವಳ ಪೆನ್‌ಡ್ರೈವ್ ಇಸ್ಕೊಂಡು ಡ್ರಾಯರಿಗೆ ಹಾಕಿ ಬೀಗ ಜಡಿದಿದ್ದ. ಅವಳು ಸಿಟ್ಟಾಗದೆ ಕೊಟ್ಟಳು. ಅನುಮಾನ ಇನ್ನೂ ಹೆಚ್ಚಿತು. ಕಳ್ಳಿಯಲ್ಲದಿದ್ದರೆ ರೋಷ ಬರಬೇಕಿತ್ತಲ್ಲ!

ಪರದೆಯ ಮೇಲೆ ಬಿಳಿ ಅಕ್ಷರಗಳು ಸರಸರ ಮೇಲಕ್ಕೆ ಓಡುತ್ತಿದ್ದವು.

"ಅದೇನವ್ವ ಇಷ್ಟೊಂದು ಓಡ್ತಾ ಅದೆ?"

"ಕಿಟ್ ಕಟ್ಟಕ್ಕೆ ಬೇಕಾದ ಸಾಮಾನೆಲ್ಲ ನೆಟ್‌ನಿಂದ ಇಳೀತಾ ಅದೆ ಅಣ್ಣ."

"ಇಳೀತಾ ಅದೋ, ಇಲ್ಲಿಂದ ಆಚಿಕೆ ಓಯ್ತಾ ಅದೋ?"

"ನಿಮ್ಮ ಫೈಲ್ ಯಾವುದ್ನೂ ಮುಟ್ಟಿಲ್ಲ. ಪಕ್ಕದಲ್ಲೇ ಕುಂತಿದ್ದೀರಲ್ಲ, ನೋಡ್ಕಳಿ."

ನೋಡಿದರೂ ಅವನಿಗೆ ಒಂದಕ್ಷರ ತಲೆಗೆ ಹತ್ತುತ್ತಿರಲಿಲ್ಲ. ಆದರೂ ಸ್ಟೂಲು ಬಿಟ್ಟು ಏಳಲಿಲ್ಲ. ಊಟದ ಹೊತ್ತು ಮೀರಿದರೂ ಹಾಗೇ ಕೂತ. ಮೂರು ಗಂಟೆಯ ಸುಮಾರಿಗೆ ಓಟ ನಿಂತು, ಕೆಂಪಗೆ ಒಂದು ಸಾಲು ಬಂತು.

"ಜಾಗ ಸಾಲ್ತಾ ಇಲ್ಲ ಅಣ್ಣ. ಡಿಸ್ಕ್ ತುಂಬೋಗದೆ."

"ಅದೆಂಗಾದದು? ಮೊನ್ನೆ ತಾನೆ ಹೋದ ವರ್ಸದ ಮದುವೆಗಳ್ನೆಲ್ಲ ತೆಗೆದು ಬೇರೆ ಕಡೀಕೆ ಹಾಕಿವ್ನಿ. ಅಷ್ಟು ಜಾಗವೂ ನೀನೇ ತಿಂದ್ಯಾ?"

"ನಂದು ಮೂವತ್ತು ಜಿಬಿ ಅಷ್ಟೇ. ಯಾವ್ದು ಎಷ್ಟು ತಕಂಡದೆ ಅಂತ ಸಾಲಾಗಿ ತೋರಿಸ್ತೀನಿ, ನೀವೇ ನೋಡಿ."

ಎಲ್ಲಕ್ಕಿಂತ ಮೇಲೆ ಬಂದದ್ದು ಇನ್ನೂರ ಹತ್ತು ಜಿಬಿಯ ಒಂದು ಫೋಲ್ಡರ್. ಅಂಥ ಹೆಸರನ್ನು ಅವನು ಕಂಡೇ ಇರಲಿಲ್ಲ.

"ಇದನ್ನ ಕಾಣದಂಗೆ ಮುಚ್ಚಿಟ್ಟವ್ರೆ," ಎಂದಳು ಕುಸುಮ.

"ಮುಚ್ಚಿಟ್ಟೋಳು ನೀನೇ ಅಲ್ವಾ?" ಕಡೆಗೂ ಸಿಕ್ಕಿಬಿದ್ದಳು ಎಂದು ಅವನಿಗೆ ಒಳಗೊಳಗೇ ಖುಷಿ.

"ತಾರೀಕು ನೋಡಿ ಅಣ್ಣ. ಮೂರು ವರ್ಸದಿಂದ ಅದೆ."

ಮೌಸ್ ಕಿತ್ತುಕೊಂಡು ಅವನೇ ತೆರೆದ. ಬರೀ ವಿಡಿಯೋಗಳು. ಒಂದನ್ನು ಒತ್ತಿದ. ಕಲ್ಯಾಣ ಮಂಟಪದ ಕೋಣೆ. ಬಾಗಿಲಿಗೆ ಬೆನ್ನು ಮಾಡಿ ಮದುವಣಗಿತ್ತಿ ಸೀರೆ ಬದಲಿಸುತ್ತಿದ್ದಾಳೆ. ಬಾಗಿಲ ಸಂದಿಯಲ್ಲಿ ಕ್ಯಾಮೆರಾ ಇರುವುದು ಅವಳಿಗೆ ಗೊತ್ತಿಲ್ಲ. ಆಕೆ ತಿರುಗಿದಾಗ ಗುರುತು ಸಿಕ್ಕಿತು: ಕಾಮಗೆರೆಯ ಪುಟ್ಟಸಿದ್ದಯ್ಯನ ಮಗಳು. ಆ ಮದುವೆಯಲ್ಲಿ ಅವನು ಮೊದಲ ಪಂಕ್ತಿಯಲ್ಲಿ ಕೂತು ಉಂಡಿದ್ದ. ತಟ್ಟನೆ ಮುಚ್ಚಿದ. ಈ ಮ್ಯಾಕ್ ಮುಂದೆ ಕೂರುವವರು ಇಬ್ಬರೇ: ತಾನು, ಇಲ್ಲವೇ ಒಡಹುಟ್ಟಿದ ತಮ್ಮ ಸ್ವಾಮಿ. ಕ್ಯಾಮೆರಾ ಹಿಡಿಯುವುದನ್ನು ತಮ್ಮನಿಗೆ ಕೈಹಿಡಿದು ಕಲಿಸಿದವನೂ ತಾನೇ. ಇವತ್ತು ಬೆಳಿಗ್ಗೆ ಅವನನ್ನು ಯಳಂದೂರಿನ ಮದುವೆಗೆ ಕಳಿಸಿದವನೂ ತಾನೇ.

ಕುಸುಮಳ ಮುಖ ನೋಡಲು ಅವನಿಗೆ ನಾಚಿಕೆಯಾಯಿತು. ತಗ್ಗಿದ ದನಿಯಲ್ಲಿ ಹೇಳಿದ: "ಇದನ್ನ ಅಳಿಸ್ಬುಡವ್ವ. ನಿಂಗೂ ಜಾಗ ಆಯ್ತದೆ."

"ನನ್ನ ಕಿಟ್ ಇನ್ನೊಂದಿನ ಆಗ್ಲಿ ಅಣ್ಣ. ನಾನು ಅಳಿಸಕಿಲ್ಲ. ನೀವೂ ಅಳಿಸ್ಬೇಡಿ, ಇದು ಸಾಕ್ಷಿ."

ಅಷ್ಟರಲ್ಲಿ ಅವನ ಫೋನು ಹೊಡೆದುಕೊಂಡಿತು. ಸ್ವಾಮಿಯದು. ಎತ್ತಿದ. ಹಿಂದೆ ನಾದಸ್ವರ ಕೇಳುತ್ತಿತ್ತು.

"ಅಣ್ಣ, ಆರತಕ್ಷತೆ ತಡ ಆಯ್ತದೆ, ಕಾಯ್ಬೇಡ. ಹೆಣ್ಣಿನ ಸಿಂಗಾರದ ವಿಡಿಯೋ ತೆಗೀಬೇಕಂತೆ. ಅವರವ್ವ ಕೂಗ್ತಾವ್ರೆ, 'ವೃಷಭೇಂದ್ರಪ್ಪನ ತಮ್ಮ ಅಂದ್ರೆ ನಮ್ಮನೆ ಮಗ ಇದ್ದಂಗೆ, ಒಳೀಕೆ ಬಾಪ್ಪ' ಅಂತ."