ಎದುರಾಳಿಯ ದನಿ

ಕಂಪ್ಯೂಟರ್ ಆಟ ಆಡಿ ಗೊತ್ತಿಲ್ಲದ ನಾನು ಇದನ್ನು ಹೇಳಹೊರಟಿದ್ದು ಅಧಿಕಪ್ರಸಂಗವೇ, ಕ್ಷಮಿಸಿ. ಒಂದು ಮನೆಯಲ್ಲಿ ಮಗಳ ಬೆರಳುಗಳು ಕಂಪ್ಯೂಟರಿನ ಕೀಲಿಗಳ ಮೇಲೆ ಓಡುತ್ತಿದ್ದಾಗಲೇ ಅಮ್ಮ ಒಳಗೆ ಬಂದಳು. ಮಗಳು ಆಡುತ್ತಿದ್ದ ಆಟದಲ್ಲಿ ಎದುರಾಳಿ ಒಂದು ಸಾಲು ಹಾಡುತ್ತದೆ. ಆಡುವವರು ತಾಳಕ್ಕೆ ಸರಿಯಾಗಿ ಬಾಣದ ಕೀಲಿ ಒತ್ತಿದರೆ ಅವರ ಪರವಾಗಿ ಎರಡನೆಯ ದನಿಯೊಂದು ಹಾಡಿ ಉತ್ತರಿಸುತ್ತದೆ. ಒಂದು ತಪ್ಪಿದರೂ ಆಟ ಮುಗಿಯಿತು. ಹೀಗೆ ಅಭಿಮಾನಿಗಳು ಹಳೆಯ ಆಟವನ್ನು ಬದಲಾಯಿಸಿ ಕಟ್ಟುವ ಮಾಡ್‌ ಅನ್ನು, ಕಟ್ಟಿದವರೇ ಒಮ್ಮೆ ಗೆದ್ದು ತೋರಿಸದೆ ಯಾರಿಗೂ ಹಂಚುವಂತಿಲ್ಲ ಎಂಬುದು ಅವರವರಲ್ಲಿನ ಕಟ್ಟಳೆ. ತಾನೇ ಕಟ್ಟಿದ ಮಾಡ್‌ನಲ್ಲಿ ತಿಂಗಳುಗಟ್ಟಲೆ ಸೋತಿದ್ದ ಮಗಳು ಇಂದು ಮೊದಲ ಸಲ ಕೊನೆಯ ಸಾಲಿಗೆ ಬಂದಿದ್ದಳು.

"ಏಳೇ, ಏಳೇ, ಏ-ಏ-ಏಳೇ! ಕಿವಿ ಕೇಳ್ಸಲ್ವಾ?" ಎಂದು ಸ್ಪೀಕರು ಹಾಡಿತು.

ಇಸ್ತ್ರಿ ಬಟ್ಟೆ ಹಿಡಿದಿದ್ದ ಅಮ್ಮ ನಿಂತಲ್ಲೇ ನಿಂತಳು. "ಇದು ನನ್ನ ಗಂಟಲಲ್ವೇನೇ?"

ಅದು ಮಗಳು ಹೇಳದೆ ಕೇಳದೆ ರೆಕಾರ್ಡ್ ಮಾಡಿದ ಅಮ್ಮನ ದನಿ. ಸದ್ದಡಗಿಸಲು ಒಂದು ಬೆರಳು ಎತ್ತಿದರೂ ಸೋಲು. ಎತ್ತದಿದ್ದರೆ ಅಮ್ಮ ಉಳಿದದ್ದನ್ನೂ ಕೇಳಿಸಿಕೊಳ್ಳುತ್ತಾಳೆ. ಅವಳು ಎತ್ತಲಿಲ್ಲ. "ಬಂದೆ ಅಮ್ಮಾ, ಬಂದೆ, ಬೈಬೇಡ, ನಂಗೂ ಸಾಕಾಗಿದೆ" ಎಂದು ಎರಡನೆಯ ದನಿ ಒಂದಕ್ಷರ ಬಿಡದೆ ಹಾಡಿ ಮುಗಿಸಿತು. ಗೆದ್ದಿರಿ ಎಂದು ಪರದೆ ಮಿನುಗಿದರೂ ಮಗಳು ಹಿಂದಿರುಗಿ ನೋಡಲಿಲ್ಲ.

"ನಾನು ಇಷ್ಟು ಕಿರುಚ್ತೀನಾ?"

"ಸ್ವಲ್ಪ ಸ್ಪೀಡ್ ಮಾಡಿದ್ದೀನಿ, ಅಷ್ಟೇ."

"ಉತ್ತರ ಕೊಟ್ಟೋಳು ಯಾರು?"

"ನಾನೇ."

ಅಮ್ಮ ಬಟ್ಟೆಯನ್ನು ಮಂಚದ ಮೇಲಿಟ್ಟು ಅಲ್ಲೇ ಕೂತಳು. "ಮನೇಲಿ ಒಂದಿನಾನೂ ನಂಗೆ ಹೀಗೆ ಬಾಯ್ಬಿಟ್ಟು ಹೇಳಿಲ್ವಲ್ಲೇ. ಇನ್ನೊಂದ್ಸಲ ಹಾಕು."

ನೊಂದು ಹೇಳಿದಳೋ, ಹಗುರಾಗಿ ಹೇಳಿದಳೋ, ನನಗೆ ಗೊತ್ತಿಲ್ಲ.